ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ. ನೀವು ಕಳಿಸಿದ 'ಹುಣ್ಣಿಮೆ ಅಮಾವಾಸ್ಯೆ' ಕಥೇನ ಎರಡು ಸಲ ಓದಿದೆ. ಈಗಿರೋ ಹಾಗೆ ಇದನ್ನ ನಾನು ಪ್ರಕಟಣೆಗೆ ತಗೊಳ್ಳಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ, ಕಾಯೋದು ಎಷ್ಟು ಕಷ್ಟ ಅಂತ ಗೊತ್ತು. ಆದ್ರೆ ಒಂದು ಸಾಲು ಬರೆದು ವಾಪಸ್ ಕಳಿಸೋಕೆ ಮನಸ್ಸು ಬರಲಿಲ್ಲ, ಯಾಕಂದ್ರೆ ಇದರೊಳಗೆ ಒಂದು ನಿಜವಾದ ಕಥೆ ಇದೆ, ಆರನೇ ಪುಟದಲ್ಲಿ, ಅದನ್ನ ನೀವೇ ಎರಡು ಸಾಲಲ್ಲಿ ಮುಗಿಸಿ ಮುಂದೆ ಹೋಗಿಬಿಟ್ಟಿದೀರಿ.

ಮೊದಲು ಕೊನೆ ಬಗ್ಗೆ. ಬೈಪೋಲಾರ್, ಅಂದ್ರೆ ಮನಸ್ಸು ಕೆಲವು ಕಾಲ ವಿಪರೀತ ಏರಿ ಕೆಲವು ಕಾಲ ಕುಸಿಯೋ ಖಾಯಿಲೆ ಇರೋ ಹುಡುಗ, ಅವನನ್ನ ಪ್ರೀತಿಸೋ ಹುಡುಗಿ, ಅವಳು ಎಲ್ಲಾನೂ ಸಹಿಸ್ಕೊಂಡು ಬರ್ತಾಳೆ, ಕಡೇಲಿ ಅವನು ಮಾತ್ರೆಗಳನ್ನ ಕಿಟಕಿಯಿಂದ ಆಚೆ ಎಸೆದು 'ನನಗೆ ನೀನೇ ಔಷಧಿ' ಅಂತಾನೆ, ಅಲ್ಲಿಗೆ ಕಥೆ ಮುಗೀತು. ಓದಿ ಹೊಟ್ಟೆ ಕಿವುಚಿದ ಹಾಗಾಯ್ತು. ನಮ್ಮಣ್ಣನಿಗೆ ಇದೇ ಖಾಯಿಲೆ ಇದೆ, 20 ವರ್ಷದಿಂದ ಅದಕ್ಕೆ ಕೊಡೋ ಲಿಥಿಯಂ ಮಾತ್ರೆ ತಗೋತಿದಾನೆ, ನಡುವೆ ಒಂದು ಸಲ 'ಹುಷಾರಾಗಿದೀನಲ್ಲ' ಅಂತ ತಾನೇ ನಿಲ್ಲಿಸಿದ್ದ, ಎರಡು ತಿಂಗಳಲ್ಲೇ ಆಸ್ಪತ್ರೆಗೆ ಅಡ್ಮಿಟ್ ಮಾಡಬೇಕಾಯ್ತು. ಲಿಥಿಯಂನ ದಿಢೀರ್ ಅಂತ ಬಿಟ್ರೆ ಖಾಯಿಲೆ ಮರುಕಳಿಸೋ ಅಪಾಯ ಜಾಸ್ತಿ, ಅದರಲ್ಲೂ ಮೇನಿಯಾ, ಅಂದ್ರೆ ಮನಸ್ಸು ವಿಪರೀತ ಏರಿರೋ ಹಂತ. ನಿಮ್ಮ ಕಥೆ ಓದೋರಲ್ಲಿ ಯಾರಾದ್ರೂ ಒಬ್ರು ಇವತ್ತು ರಾತ್ರಿ ಮಾತ್ರೆ ಕೈಲಿಟ್ಕೊಂಡು ಬೇಕೋ ಬೇಡವೋ ಅಂತ ಕೂತಿರ್ತಾರೆ. ಅವರ ಮುಂದೆ ಈ ಅಂತ್ಯ ಇಡೋಕೆ ನನ್ನ ಕೈಲಾಗಲ್ಲ.

ಹಾಗಂತ ನಿಮ್ಮ ಹುಡುಗ ಮಾತ್ರೆ ಎಸೀಬಾರದು ಅಂತಿಲ್ಲ. ಎಸೀಲಿ, ಜನ ನಿಜವಾಗ್ಲೂ ಎಸೀತಾರೆ. ಲಿಥಿಯಂ ತಗೊಂಡ್ರೆ ಕೈ ನಡುಗುತ್ತೆ, ಬಾಯಾರಿಕೆ ತೀರಲ್ಲ, ತೂಕ ಏರುತ್ತೆ, ಆಗಾಗ ರಕ್ತ ಕೊಟ್ಟು ಅದರ ಲೆವೆಲ್ ನೋಡಿಸಬೇಕು, ಥೈರಾಯ್ಡು ಕಿಡ್ನಿ ಟೆಸ್ಟು ಬೇರೆ, ಇಷ್ಟರ ಮೇಲೆ ಮೇನಿಯಾದ ಆ 'ಹೈ' ದಿನಗಳ ನೆನಪು ಕಾಡುತ್ತೆ. ಅವನಿಗೆ ಎಸೆಯೋಕೆ ಕಾರಣ ಇದೆ, ಆ ಕಾರಣ ನಿಮ್ಮ 11 ಪುಟದಲ್ಲಿ ಎಲ್ಲೂ ಇಲ್ಲ. ಕಾರಣ ಬರೀರಿ, ಎಸೆದ ಮೇಲಿನ ಮೂರನೇ ವಾರನೂ ಬರೀರಿ.

ಇನ್ನೊಂದು, ಅವನು ಬೆಳಗ್ಗೆ ಕುಣೀತಾನೆ, ಸಂಜೆ ಅಳ್ತಾನೆ, ಮಾರನೇ ದಿನ ಮತ್ತೆ ಅದೇ. ಬೈಪೋಲಾರ್ ಅಂದ್ರೆ ಗಂಟೆಗೊಂದು ಮೂಡ್ ಅಲ್ಲ. ಮೇನಿಯಾ ಅಂತ ಡಾಕ್ಟರು ಹೇಳೋಕೆ ಸಾಮಾನ್ಯವಾಗಿ ಕಮ್ಮಿ ಅಂದ್ರೂ ಒಂದು ವಾರ ಹಾಗೇ ಇರಬೇಕು, ಡಿಪ್ರೆಶನ್ ಅನ್ನೋಕೆ ಎರಡು ವಾರ, ಎಷ್ಟೋ ಸಲ ತಿಂಗಳುಗಟ್ಟಲೆ ಎಳೆಯುತ್ತೆ, ನಡುವೆ ಎಲ್ಲರ ಹಾಗೇ ಇರೋ ದಿನಗಳೂ ಬೇಕಾದಷ್ಟು ಇರ್ತವೆ. ವರ್ಷಕ್ಕೆ ಇಂಥ ಸರದಿ, ಅಂದ್ರೆ ಎಪಿಸೋಡ್, 4 ಅಥವಾ ಹೆಚ್ಚು ಬಂದ್ರೇನೇ ಅದನ್ನ ವೇಗವಾಗಿ ಬದಲಾಗೋ ಬೈಪೋಲಾರ್ ಅಂತ ಲೆಕ್ಕ ಹಾಕ್ತಾರೆ. ತಪ್ಪು ಹುಡುಕೋಕೆ ಇದನ್ನ ಹೇಳ್ತಿಲ್ಲ. ಈ ನಿಧಾನ ಗೊತ್ತಾದ್ರೆ ನಿಮ್ಮ ಕಥೆಯ ನಡಿಗೇನೇ ಬದಲಾಗುತ್ತೆ. ಮೇನಿಯಾ ಎಷ್ಟೋ ಸಲ ಮೊದಲು ನಿದ್ದೇಲಿ ಕಾಣಿಸ್ಕೊಳ್ಳುತ್ತೆ, ಮೂರು ಗಂಟೆ ಮಲಗಿ ಎದ್ರೂ ಆಯಾಸವೇ ಇರಲ್ಲ, ಮಾತು ಒಂದರಿಂದ ಇನ್ನೊಂದಕ್ಕೆ ಹಾರುತ್ತೆ, ದುಡ್ಡು ನೀರಿನ ಹಾಗೆ ಹರಿಯುತ್ತೆ, ಮತ್ತೆ ಶುರುವಿನಲ್ಲಿ ಪಕ್ಕದಲ್ಲಿರೋರಿಗೂ ಅದು ಖಾಯಿಲೆ ಅನ್ಸಲ್ಲ, ಚೆಂದ ಅನ್ಸುತ್ತೆ.

ನಿಮ್ಮ ಹುಡುಗಿ ಅವನನ್ನ ಮೊದಲ ಸಲ ಕಂಡಾಗ ಅವನು ಬೆಳಗಾಗೋ ತನಕ ಮಾತಾಡಿದ, ಅವಳು ಅಲ್ಲೇ ಸೋತಳು ಅಂತ ಬರೆದಿದೀರಿ. ಹಾಗಾದ್ರೆ ಅವಳು ಮನಸೋತಿದ್ದು ಯಾರಿಗೆ? ಅವನಿಗಾ, ಅವನ ಹೈಗಾ? ಅವಳು ಇದನ್ನ ತನ್ನನ್ನ ತಾನೇ ಕೇಳ್ಕೊಳ್ಳಲೇ ಇಲ್ಲ.

ಈಗ ಆರನೇ ಪುಟ. ಅವನು ಮಲಗಿದಾನೆ, ಅವಳು ಸದ್ದಾಗದ ಹಾಗೆ ಡ್ರಾಯರ್ ಎಳೆದು ಸ್ಟ್ರಿಪ್ಪಲ್ಲಿ ಎಷ್ಟು ಮಾತ್ರೆ ಉಳಿದಿದೆ ಅಂತ ಎಣಿಸ್ತಾಳೆ. ಲೆಕ್ಕ ಸರಿ ಇದೆ. ಆದ್ರೂ ನಿದ್ದೆ ಬರಲ್ಲ. ಇಷ್ಟೇ ಬರೆದಿದೀರಿ, ನಾನು ಓದೋದು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ಎಣಿಸೋ ಆ ಕೈಯಲ್ಲಿ ಎಲ್ಲಾ ಇದೆ, ಪ್ರೀತಿಸೋಳು ಯಾವತ್ತು ಕಾವಲುಗಾರ್ತಿ ಆದ್ಲು ಅಂತ ಅವಳಿಗೇ ಗೊತ್ತಾಗಿಲ್ಲ. ಅವನು ಸ್ವಲ್ಪ ಜೋರಾಗಿ ನಕ್ರೆ ಇವಳಿಗೆ ಎದೆ ಧಸಕ್ ಅನ್ನುತ್ತೆ, ಹೊಸದೇನಾದ್ರೂ ಕಲೀತೀನಿ ಅಂದ್ರೆ 'ಮಾತ್ರೆ ತಗೊಂಡ್ಯಾ' ಅಂತ ಬಾಯಿಗೆ ಬರುತ್ತೆ. ಅವನ ಕಡೆಯಿಂದ ಯೋಚನೆ ಮಾಡಿ, ಖುಷಿಯಾದ್ರೂ ಅನುಮಾನ, ಕೋಪ ಬಂದ್ರೂ ಅನುಮಾನ, ಕೋಪಕ್ಕೆ ನ್ಯಾಯವಾದ ಕಾರಣ ಇದ್ರೂ ಖಾಯಿಲೆ ಮಾತಾಡ್ತಿದೆ ಅನ್ನೋದು. ನಮ್ಮಣ್ಣ ಒಂದು ಸಲ ಅಂದಿದ್ದ, 'ನಾನು ಸುಮ್ಮನೆ ಖುಷಿಯಾಗಿದೀನಿ ಕಣೋ, ಬಿಟ್ಬಿಡು' ಅಂತ. ನನಗೆ ಇವತ್ತಿಗೂ ಆ ಮಾತು ಬಿಟ್ಟಿಲ್ಲ. ನಿಮ್ಮ ಹುಡುಗನಿಗೆ ಇಂಥ ಒಂದು ಮಾತೂ ಕೊಟ್ಟಿಲ್ಲ ನೀವು. ಖಾಯಿಲೆ ಹೆಸರು 14 ಸಲ ಬಂದಿದೆ, ಅವನಿಗೆ ಒಂದು ಹೆಸರಿಲ್ಲ. ಏನು ಕೆಲಸ ಮಾಡ್ತಾನೆ, ಯಾವುದಕ್ಕೆ ನಗ್ತಾನೆ, ಅವಳ ಮೇಲೆ ಅವನ ದೂರೇನು, ಒಂದೂ ಗೊತ್ತಾಗಲ್ಲ.

ಅವಳನ್ನೂ ದೇವಿ ಮಾಡಿಟ್ಟಿದೀರಿ. ಒಂದು ಸಲನೂ ರೇಗಲ್ಲ, ಬಿಟ್ಟು ಹೋಗೋಣ ಅನ್ಸಲ್ಲ. ರೇಗಲಿ ಬಿಡಿ. ಬ್ಯಾಗ್ ತುಂಬಿಸ್ಕೊಂಡು ಬಾಗಿಲ ತನಕ ಹೋಗಲಿ, ಹೋಗೇಬಿಟ್ರೂ ನಾನು ಅವಳನ್ನ ಕೆಟ್ಟವಳು ಅನ್ನಲ್ಲ.

'ಹುಚ್ಚು ಪ್ರೀತಿ' ಅನ್ನೋದು ಮೂರು ಕಡೆ ಬಂದಿದೆ, ತೆಗೀರಿ, ಈ ಕಥೇಲಿ ಅದು ಚುಚ್ಚುತ್ತೆ. ಒಂಬತ್ತನೇ ಪುಟದಲ್ಲಿ ಅವನು ಸಾಯೋಕೆ ಹೊರಟ ವಿಧಾನಾನ ವಿವರವಾಗಿ ಬರೆದಿರೋದು ಪೂರ್ತಿ ಹೋಗಲಿ, ಯಾರು ಬರೆದ್ರೂ ನಾನು ಅದನ್ನ ಹಾಕಲ್ಲ. ಅದರ ಬದಲು 'ಸಾಯಬೇಕು ಅನ್ಸುತ್ತಾ?' ಅಂತ ಅವಳು ನೇರವಾಗಿ ಕೇಳಲಿ. ಕೇಳಿದ್ರೆ ಆ ಯೋಚನೆ ತಲೇಲಿ ಬಿತ್ತಿದ ಹಾಗಾಗುತ್ತೆ ಅಂತ ಎಲ್ಲರೂ ಹೆದರ್ತಾರೆ, ಹಾಗಾಗಲ್ಲ, ಎಷ್ಟೋ ಸಲ ಕೇಳಿದ್ರೇನೇ ಅವರಿಗೆ ಹಗುರಾಗೋದು. ಅವನು ಏನು ಉತ್ತರ ಕೊಡ್ತಾನೆ ಅಂತ ನನಗೆ ಓದಬೇಕು.

ಕೊನೆಗೆ ಒಂದು ಪ್ರಶ್ನೆ, ಉತ್ತರ ನನಗೆ ಬರೀಬೇಕು ಅಂತೇನಿಲ್ಲ. ಆರನೇ ಪುಟ ಕಲ್ಪನೆಯಿಂದ ಬಂದಿದ್ದಲ್ಲ ಅಂತ ನನಗೆ ಅನ್ಸಿದೆ. ಇದು ನಿಮ್ಮದೇ ಆಗಿದ್ರೆ, ಅವರು ಹುಷಾರಾಗಿರೋ ದಿನ ನೋಡಿ ಕೇಳಿ, ನಮ್ಮ ಬಗ್ಗೆ ಬರೀಲಾ ಅಂತ. ಬೇಡ ಅಂದ್ರೆ ಗುರುತು ಸಿಗೋದೆಲ್ಲಾ ಬದಲಾಯಿಸಿ, ಇಲ್ಲಾ ಸದ್ಯಕ್ಕೆ ಎತ್ತಿಡಿ. ಸರಿ ಅಂದ್ರೆ ಡ್ರಾಯರ್ ಎಳೆಯೋ ಸದ್ದಿನಿಂದ ಶುರು ಮಾಡಿ ಹೊಸದಾಗಿ ಬರೆದು ಕಳಿಸಿ, ಎಷ್ಟು ತಿಂಗಳಾದ್ರೂ ಪರವಾಗಿಲ್ಲ, ನಾನೇ ಓದ್ತೀನಿ.