‘ಗುಡ್ ವೈಬ್ರೇಷನ್ಸ್’ ರೆಕಾರ್ಡ್ ಮಾಡಲು ಏಳು ತಿಂಗಳು ಏಕೆ ಹಿಡಿಯಿತು?

ಮೂರೂವರೆ ನಿಮಿಷದ ಹಾಡಿಗೆ ಇಷ್ಟು ಸಮಯವೇ ಎಂದು ಕೇಳಿದ್ದೀರಿ. ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡಿನ ಬ್ರಯಾನ್ ವಿಲ್ಸನ್ ಇದನ್ನು ಒಂದೇ ಹಾಡಾಗಿ ರೆಕಾರ್ಡ್ ಮಾಡಲಿಲ್ಲ, ತುಂಡು ತುಂಡಾಗಿ ಮಾಡಿದರು. 1966ರ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಲಾಸ್ ಏಂಜಲೀಸಿನ ನಾಲ್ಕು ಸ್ಟುಡಿಯೋಗಳಲ್ಲಿ ಓಡಾಟ. ಪ್ರತಿ ಸ್ಟುಡಿಯೋದ ಕೋಣೆಗೂ ಅದರದೇ ನಾದವಿದೆ ಎಂಬುದು ಅವರ ನಂಬಿಕೆ. ಆಮೇಲೆ ಬೇಕಾದ ತುಂಡುಗಳನ್ನು ಆರಿಸಿ, ಟೇಪನ್ನು ಕತ್ತರಿಸಿ ಅಂಟಿಸಿದರು. ಆಗ ಹಾಡು ಜೋಡಿಸಲು ಕಂಪ್ಯೂಟರ್ ಇರಲಿಲ್ಲ, ಬ್ಲೇಡೇ ಗತಿ.

ವಾದ್ಯಗಳನ್ನು ನುಡಿಸಿದವರು ಬಹುಪಾಲು ಬಾಡಿಗೆ ಕಲಾವಿದರು. ಹಾಡಿನಲ್ಲಿ ಕೇಳಿಸುವ ಊಳಿಡುವಂಥ ದನಿ ಪಾಲ್ ಟ್ಯಾನರ್ ನುಡಿಸಿದ ವಿದ್ಯುತ್ ವಾದ್ಯ ಎಲೆಕ್ಟ್ರೋ-ಥೆರೆಮಿನ್‌ನದು: ಪೆಟ್ಟಿಗೆಯ ಮೇಲಿನ ಹಿಡಿಯನ್ನು ಆಚೀಚೆ ಸರಿಸಿದರೆ ಸ್ವರ ಜಾರುತ್ತದೆ. ಪಲ್ಲವಿಯಲ್ಲಿ ಅದರ ಅಡಿಗೇ ಚೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯ ಒಂದೇ ಸಮನೆ ಗರಗರ ಉಜ್ಜುತ್ತದೆ. ಹೆಡ್‌ಫೋನ್ ಹಾಕಿ ಕೇಳಿ, ಮೈ ಜುಮ್ಮೆನ್ನುತ್ತದೆ!

ಸಾಹಿತ್ಯ ಮೊದಲು ಗೀತರಚನೆಕಾರ ಟೋನಿ ಆಶರ್ ಅವರದಿತ್ತು. ಕೊನೆಗೆ ಉಳಿದದ್ದು ಬ್ಯಾಂಡಿನ ಗಾಯಕ ಮೈಕ್ ಲವ್ ಬರೆದದ್ದು. ಸ್ಟುಡಿಯೋಗೆ ಕಾರಿನಲ್ಲಿ ಹೋಗುತ್ತಲೇ ಬರೆಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅಕ್ಟೋಬರ್‌ನಲ್ಲಿ ಹಾಡು ಬಿಡುಗಡೆಯಾಗಿ, ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.