ಅಕ್ಕಾರ ಉತ್ತರ: ಎಳ್ಳು ಜೀರಿಗೆಯೇ ಯಾಕೆ?

ಪ್ರಶ್ನೆ: ಅಕ್ಕಾರೆ, ರಾಜ್ಯೋತ್ಸವಕ್ಕೆ ನಮ್ಮ ಸೊಸೈಟಿಯ ಕನ್ನಡ ಮಕ್ಕಳಿಗೆ ‘ಬೆಳಗಾಗಿ ನಾನೆದ್ದು’ ಹಾಡು ಕಲಿಸ್ತಾ ಇದ್ದೇವೆ. ಕಾರ್ಯಕ್ರಮ ಪಟ್ಟಿಯಲ್ಲಿ ಕವಿಯ ಹೆಸರು ಏನಂತ ಹಾಕೋಣ? ನನ್ನ ಮಗಳದು ಇನ್ನೊಂದು ಪ್ರಶ್ನೆ: ಭೂಮಿತಾಯಿ ಜೋಳ, ಗೋಧಿ ಎಲ್ಲ ಬೆಳೀತಾಳಲ್ಲ, ಹಾಡಿನಲ್ಲಿ ಎಳ್ಳು ಜೀರಿಗೆಯೇ ಯಾಕೆ?
(ಪುಣೆಯ ನಿಗಡಿಯ ಓದುಗರೊಬ್ಬರು)

ಉತ್ತರ: ಹೆಸರು ಹಾಕಬೇಡಿ. ‘ಜನಪದ ತ್ರಿಪದಿ’ ಅಂದರೆ ಸಾಕು. ಹಿಂದೊಮ್ಮೆ ಇಲ್ಲಿಯ ಒಂದು ಸಮಾರಂಭದಲ್ಲಿ ನಿರೂಪಕರು ಇದನ್ನು ‘ಸರ್ವಜ್ಞನ ವಚನ’ ಎಂದು ಸಾರಿಬಿಟ್ಟರು. ಕುಡಿಯುತ್ತಿದ್ದ ಚಹಾ ನನ್ನ ನೆತ್ತಿಗೇರಿತು. ಸರ್ವಜ್ಞ ತ್ರಿಪದಿಯಲ್ಲಿ ಹೇಳಿದ ಎಂದಮಾತ್ರಕ್ಕೆ ತ್ರಿಪದಿಯೆಲ್ಲ ಅವನದಾಗುವುದಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ, ಸರ್ವಜ್ಞನಿಗಿಂತ ಎಷ್ಟೋ ಶತಮಾನ ಮೊದಲು.

ಇನ್ನು ಮಗಳ ಪ್ರಶ್ನೆ. ಅದು ನಿಮ್ಮದಕ್ಕಿಂತ ಜಾಣ ಪ್ರಶ್ನೆ. ಮೊದಲು ಹಾಡನ್ನು ಎದುರಿಗಿಟ್ಟುಕೊಳ್ಳೋಣ:

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯಿ
ಎದ್ದೊಂದು ಗಳಿಗೆ ನೆನೆದೇನು

‘ಬೆಳಗಾಗಿ’ಯ ಎರಡನೇ ಅಕ್ಷರ ಳ. ಪ್ರಾಸ ಕೂಡಲು ಕೆಳಗಿನ ಸಾಲಿಗೂ ಅದೇ ಜಾಗದಲ್ಲಿ ಳ ಬೇಕು. ಎಳ್ಳು ಬಂದು ಕೂತಿತು. ‘ಜೋಳದಲ್ಲೂ ಳ ಇದೆಯಲ್ಲ’ ಎಂದು ಮಗಳು ಹಿಡಿಯಬಹುದು. ಹಿಡಿಯಲಿ. ಆದರೆ ಮೂರನೇ ಸಾಲಿನ ‘ಎದ್ದೊಂದು’ ಎಂಬುದಕ್ಕೆ ಎಳ್ಳಿನ ಎ ಹೊಂದುವ ಹಾಗೆ ಜೋಳದ ಜೋ ಹೊಂದುವುದಿಲ್ಲ. ಅಲ್ಲದೆ ಇದು ಬೀಸುವ ಪದ, ಬೀಸುಕಲ್ಲಿನ ಮುಂದೆ ಕೂತ ಹೆಂಗಸು ಹಾಡುವುದು. ಜೋಳ ಅವಳ ಕೈಯಲ್ಲೇ ಇದೆ, ಅದರ ಹೆಸರೇಕೆ ಹೇಳಬೇಕು? ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆ ಎಳ್ಳೆಂದರೆ ಭೋಗಿಯ ದಿನ ಸಜ್ಜಿ ರೊಟ್ಟಿಗೆ ಹಚ್ಚುವುದು. ಜೀರಿಗೆ ಎಂದರೆ ಮದುವೆಯಲ್ಲಿ ಬೆಲ್ಲದ ಜೊತೆ ತಲೆಯ ಮೇಲೆ ಇಡುವುದು. ಎರಡೂ ದಿನದ ಹೊಟ್ಟೆಯ ಕಾಳಲ್ಲ, ಹಬ್ಬದ ಕಾಳು. ಜೀರಿಗೆಯನ್ನಂತೂ ನಮ್ಮ ಹೊಲದಲ್ಲಿ ನಾನು ಕಂಡೇ ಇಲ್ಲ, ಅದು ಸಂತೆಯಿಂದಲೇ ಬರುತ್ತಿತ್ತು. ಹಾಡಿಗೆ ಅದರ ಗೊಡವೆ ಇಲ್ಲ.

ನಮ್ಮವ್ವ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಬಲಗೈಲಿ ಗೂಟ ಹಿಡಿದು ಬೀಸುತ್ತಿದ್ದಳು. ಎಡಗೈ ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕುವಾಗ ತಿರುಗು ಚೂರು ನಿಧಾನವಾಗುತ್ತಿತ್ತು. ಅಲ್ಲೇ ‘ಎಳ್ಳು ಜೀರಿಗೆ ಬೆಳೆಯೋಳ’ ಎಂಬ ಅರ್ಧ ಸಾಲು ಒಮ್ಮೆ ಬಂದು ನಿಲ್ಲುತ್ತಿತ್ತು. ಮತ್ತೆ ಅದನ್ನೇ ಎತ್ತಿಕೊಂಡು ‘ಭೂಮಿತಾಯಿ’ ಎಂದು ಮುಗಿಸುತ್ತಿದ್ದಳು. ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು. ನಿಮ್ಮ ಮಕ್ಕಳು ಈ ಮರುಕಳಿಕೆ ಬಿಟ್ಟು ಕೀಬೋರ್ಡಿನ ತಾಳಕ್ಕೆ ಓಡಿದರೆ ಹಾಡು ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ. ಹಾಡಿನವಳು ಕೇಳಿಕೊಳ್ಳುವುದೇ ಒಂದು ಗಳಿಗೆ, ಅಂದರೆ 24 ನಿಮಿಷ. ಆಮೇಲೆ ನೀರು, ಸಗಣಿ, ರೊಟ್ಟಿ ಕಾದಿರುತ್ತವೆ.

ಕೆಳಗಿನ ಮನೆಯ ಮುಳಶಿ ಕಡೆಯ ಮರಾಠಿ ಆಜಿಗೆ ಒಮ್ಮೆ ಇದನ್ನು ಹಾಡಿ ತೋರಿಸಿದೆ. ಅರ್ಥ ಹೇಳುವ ಮೊದಲೇ ‘ಹೀ ತರ ಜಾತ್ಯಾವರಚೀ ಓವೀ’ ಅಂದರು, ಇದು ಬೀಸುಕಲ್ಲಿನ ಓವಿಯೇ ಅಲ್ಲವೇ ಎಂದು. ‘ಪಹಿಲೀ ಮಾಝೀ ಓವೀ’ ಎಂದು ತಮ್ಮದನ್ನು ಶುರು ಮಾಡಿದರು. ನನ್ನ ಮಾತು ಬರಿ ಅರ್ಧ ತಿಳಿಯುವ ಅವರಿಗೆ ಅವ್ವನ ಕೈಯ ತಿರುಗು ಪೂರ್ತಿ ತಿಳಿದಿತ್ತು. ಈ ಮರಾಠಿ ಓವಿಗಳನ್ನು ಪುಣೆಯಲ್ಲೇ ಇದ್ದ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವ್ಯಾಂ ಲಕ್ಷಕ್ಕೂ ಮಿಕ್ಕಿ ಕೂಡಿಹಾಕಿದರು, ಹಾಡಿದ ಹೆಂಗಸರ ಹೆಸರು ಊರಿನ ಸಮೇತ. ಆ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ. ನಮ್ಮಲ್ಲೂ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರಿಂದ 1931ರಲ್ಲೇ ‘ಗರತಿಯ ಹಾಡು’ ಬಂತು. ಹಲಸಂಗಿ ಆಗ ನಮ್ಮ ಇಂಡಿ ತಾಲೂಕಿನಲ್ಲೇ ಇತ್ತು. ಆಗ ಪುಣೆಯ ಹಾಗೆ ಅದೂ ಮುಂಬಯಿ ಪ್ರಾಂತ್ಯದಲ್ಲಿತ್ತು. ಆದರೆ ‘ಬೆಳಗಾಗಿ ನಾನೆದ್ದು’ ಎಂದು ಮೊದಲು ಎದ್ದವಳು ಯಾರೋ, ಅವಳ ಹೆಸರನ್ನು ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ಪ್ರಶ್ನೆ (ಅದೇ ಪತ್ರದ ಕೊನೆಗೆ): ವೇದಿಕೆಯ ಮೇಲೆ ಇಡೋಕೆ ಥರ್ಮಾಕೋಲಿನ ಬೀಸುಕಲ್ಲು ಮಾಡಿಸಿದರೆ ನಡೆಯುತ್ತಾ?

ಉತ್ತರ: ನಡೆಯೋದಿಲ್ಲ. ಭಾನುವಾರ ಅಥವಾ ಬುಧವಾರ ಇಲ್ಲಿಯ ಹಳೆ ಸಾಮಾನಿನ ಸಂತೆ ಜೂನಾ ಬಜಾರಿಗೆ ಹೋಗಿ ನೋಡಿ, ಸಿಕ್ಕರೂ ಸಿಗಬಹುದು. ಇಲ್ಲದಿದ್ದರೆ ನಮ್ಮವ್ವನದು ನನ್ನ ಬಾಲ್ಕನಿಯಲ್ಲಿ ತುಳಸಿ ಕುಂಡ ಹೊತ್ತು ಕೂತಿದೆ. ಎತ್ತಲು ಇಬ್ಬರು ಗಂಡಾಳು ಬೇಕು, ನಮ್ಮಲ್ಲಿ ಲಿಫ್ಟ್ ಇಲ್ಲ. ಕುಂಡ ನಾನು ತೆಗೆದಿಡುತ್ತೇನೆ. ಗೂಟ ಸಡಿಲಾಗಿದೆ, ಮಕ್ಕಳಿಗೆ ಜಗ್ಗಬೇಡಿ ಅಂತ ಹೇಳಿ.