ಪ್ರೊಸೆಸರ್ 0.39 ಗಿಗಾಹರ್ಟ್ಸ್‌ನಲ್ಲೇ ನಿಂತಿದೆಯೇ? ಮದರ್‌ಬೋರ್ಡ್ ಬದಲಿಸುವ ಮೊದಲು ಚಾರ್ಜರ್ ಕಿತ್ತು ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಕೋರ್ ಐ5 8250ಯು ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಒಂದು ವಾರದಿಂದ ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ 0.39 ಗಿಗಾಹರ್ಟ್ಸ್ ಎಂದೇ ತೋರಿಸುತ್ತಿದೆ. ವಿಂಡೋಸ್ ಅನ್ನು ಎರಡು ಸಲ ಹೊಸದಾಗಿ ಹಾಕಿದರೂ ಬದಲಾಗಿಲ್ಲ. ರಿಪೇರಿ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎಂದಿದ್ದಾರೆ. ದಯವಿಟ್ಟು ಇನ್ನೆರಡು ದಿನ ಆ ಹಣ ಕೊಡಬೇಡಿ. ಇದೇ ಅಂಕಿಯನ್ನು ನನ್ನ ತಂಗಿಯ ಲ್ಯಾಪ್‌ಟಾಪಿನಲ್ಲಿ ಕಂಡಿದ್ದೇನೆ. ಅಲ್ಲಿ ಕೆಟ್ಟಿದ್ದು ಮದರ್‌ಬೋರ್ಡ್ ಆಗಿರಲಿಲ್ಲ.

ಮೊದಲು ಆ ಅಂಕಿಯನ್ನೇ ನೋಡೋಣ, ಅರ್ಧ ಉತ್ತರ ಅದರಲ್ಲೇ ಇದೆ. ನಿಮ್ಮ ಪ್ರೊಸೆಸರಿನ ಮೂಲ ಗಡಿಯಾರ, ಅಂದರೆ ಅದು ತಾಳ ಹಿಡಿಯುವ ಮಿಡಿತ, ಸುಮಾರು 100 ಮೆಗಾಹರ್ಟ್ಸ್. ಅದನ್ನು ಒಂದು ಗುಣಕದಿಂದ ಗುಣಿಸಿದರೆ ವೇಗ ಸಿಗುತ್ತದೆ. ಗುಣಕ 16 ಆದರೆ 1.6 ಗಿಗಾಹರ್ಟ್ಸ್, ಇದು ಅದರ ಮೂಲ ವೇಗ. 34 ಆದರೆ 3.4, ಇದು ಹೊರೆ ಬಿದ್ದಾಗ ಸ್ವಲ್ಪ ಹೊತ್ತು ಏರುವ ಟರ್ಬೊ ವೇಗ. ಕೆಲಸವಿಲ್ಲದೆ ಸುಮ್ಮನಿರುವಾಗ ಗುಣಕ 8ಕ್ಕೆ ಇಳಿದು ವೇಗ 0.8 ಆಗುವುದು ಸಹಜ. ಅದನ್ನು ಕಂಡು ಯಾರೂ ಗಾಬರಿಯಾಗಬೇಕಿಲ್ಲ. ನಿಮ್ಮಲ್ಲಿ ಗುಣಕ 4ಕ್ಕೆ ಬಂದು ನಿಂತಿದೆ. ಕೆಲಸದ ಹೊರೆ ಎಷ್ಟೇ ಏರಿದರೂ ಮೇಲೆದ್ದಿಲ್ಲ. ಕೆಟ್ಟುಹೋದ ಪ್ರೊಸೆಸರ್ ಹೀಗೆ ಒಂದೇ ಅಂಕಿಗೆ ಅಂಟಿಕೊಂಡು, ತಪ್ಪಿಲ್ಲದೆ ಲೆಕ್ಕ ಮಾಡುತ್ತಾ ಕೂರುವುದಿಲ್ಲ. ಅದು ಯಾರದೋ ಆಜ್ಞೆಯನ್ನು ಪಾಲಿಸುತ್ತಿದೆ. ಆಜ್ಞೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಹುಡುಕಬೇಕು, ಅಷ್ಟೇ.

ಇಂಟೆಲ್ ಪ್ರೊಸೆಸರ್‌ಗಳಲ್ಲಿ ಪ್ರೋಕ್‌ಹಾಟ್ ಎಂಬ ಒಂದು ಸಂಕೇತದ ತಂತಿ ಇದೆ. ಪ್ರೊಸೆಸರ್ ತಾನೇ ಮಿತಿಮೀರಿ ಕಾದಾಗ, ಅಂದರೆ ನಿಮ್ಮದರಲ್ಲಿ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಈ ಸಂಕೇತ ಎದ್ದು ವೇಗ ಕುಸಿಯುತ್ತದೆ. ಆದರೆ ಅದು ಎರಡೂ ದಿಕ್ಕಿನ ತಂತಿ. ಮದರ್‌ಬೋರ್ಡಿನ ಬೇರೆ ಭಾಗಗಳೂ ಅದನ್ನು ಎಳೆದು ಪ್ರೊಸೆಸರಿಗೆ "ನಿಧಾನಿಸು" ಎನ್ನಬಹುದು. ವಿದ್ಯುತ್ ಪೂರೈಸುವ ಸರ್ಕ್ಯೂಟ್ ಬಿಸಿಯಾದರೆ, ಯಾವುದೋ ತಾಪ ಸಂವೇದಕ ಸುಳ್ಳು ಹೇಳಿದರೆ, ಬ್ಯಾಟರಿ ದುರ್ಬಲವಾದರೆ, ಚಾರ್ಜರ್ ಯಾವುದೆಂದು ಗೊತ್ತಾಗದಿದ್ದರೆ, ಈ ಎಲ್ಲ ಸಂದರ್ಭಗಳಲ್ಲೂ ಎಳೆಯುವುದು ಇದೇ ತಂತಿಯನ್ನು. ಎರಡು ದಿಕ್ಕಿನ ಈ ವ್ಯವಸ್ಥೆಗೆ ಬಿ.ಡಿ. ಪ್ರೋಕ್‌ಹಾಟ್ (BD PROCHOT) ಎಂದು ಹೆಸರು; ಬಿ.ಡಿ. ಎಂದರೆ ಬೈ-ಡೈರೆಕ್ಷನಲ್. ಇದು ವಿಂಡೋಸ್‌ಗಿಂತ ಕೆಳಗಿನ ಪದರದಲ್ಲಿ ನಡೆಯುವ ವ್ಯವಹಾರವಾದ್ದರಿಂದ ನೀವು ಎರಡು ಸಲ ಪಟ್ಟ ಶ್ರಮ ಫಲ ಕೊಡಲಿಲ್ಲ.

ತಂಗಿಯ ಲ್ಯಾಪ್‌ಟಾಪಿನ ಕಥೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಅವಳ ಪರೀಕ್ಷೆಗೆ ಹದಿನೈದು ದಿನ ಇತ್ತು. ಒಂದು ಪಿಡಿಎಫ್ ತೆರೆಯಲು ಎರಡು ನಿಮಿಷ ಕಾಯುತ್ತಿದ್ದಳು. ನಾನು ವೈರಸ್ ಹುಡುಕಿದೆ, ಫ್ಯಾನ್ ಬಿಚ್ಚಿ ದೂಳು ತೆಗೆದೆ, ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಸಂಜೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯತೊಡಗಿತು, ಒಮ್ಮೆಲೇ ಚುರುಕಾಯಿತು. ಕರೆಂಟ್ ಬಂದೊಡನೆ ಮತ್ತೆ ಹಳೆಯ ಸ್ಥಿತಿ. ಆಗ ನನಗೆ ಹೊಳೆದದ್ದು ಚಾರ್ಜರ್.

ಕೆಲವು ಕಂಪನಿಗಳ ಚಾರ್ಜರಿನ ದುಂಡನೆಯ ತುದಿಯ ನಡುವೆ ಸೂಜಿಯಂಥ ಒಂದು ಪಿನ್ ಇರುತ್ತದೆ. ಅದು ವಿದ್ಯುತ್ತಿಗಾಗಿ ಇರುವುದಲ್ಲ. "ನಾನು 65 ವ್ಯಾಟ್‌ನ ಚಾರ್ಜರ್" ಎಂಬ ಗುರುತನ್ನು ಲ್ಯಾಪ್‌ಟಾಪಿಗೆ ತಿಳಿಸುವುದು ಅದರ ಕೆಲಸ. ಪಿನ್ ಬಾಗಿದರೆ ಅಥವಾ ಒಳಗಿನ ಆ ಸಣ್ಣ ತಂತಿ ತುಂಡಾದರೆ ವಿದ್ಯುತ್ ಬರುತ್ತಲೇ ಇರುತ್ತದೆ, ದೀಪವೂ ಉರಿಯುತ್ತದೆ, ಗುರುತು ಮಾತ್ರ ತಲುಪುವುದಿಲ್ಲ. ಎಷ್ಟು ವ್ಯಾಟ್ ಎಳೆಯಬಹುದು ಎಂದು ತಿಳಿಯದ ಲ್ಯಾಪ್‌ಟಾಪ್ ಬ್ಯಾಟರಿಗೆ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಪ್ರೊಸೆಸರನ್ನೂ ಕಟ್ಟಿಹಾಕುತ್ತದೆ. ತಂಗಿಯ ಚಾರ್ಜರಿನ ಪಿನ್ ಒಂದು ಬದಿಗೆ ವಾಲಿತ್ತು. ಸರಿಯಾದ ವ್ಯಾಟೇಜಿನ ಬೇರೆ ಚಾರ್ಜರ್ ಹಾಕಿದ ಕೂಡಲೇ ವೇಗ 3 ಗಿಗಾಹರ್ಟ್ಸ್ ದಾಟಿತು. ಅವಳ ಮುಖ ಇನ್ನೂ ನೆನಪಿದೆ.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ ಇದು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಇರುವಾಗ ಚಾರ್ಜರ್ ಕಿತ್ತು, ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ನಾಲ್ಕಾರು ವಿಡಿಯೊ ಒಟ್ಟಿಗೆ ಓಡಿಸಿ. ವೇಗ ಏರಿದರೆ ದೋಷ ಚಾರ್ಜರಿನಲ್ಲಿದೆ ಅಥವಾ ಅದು ಕೂರುವ ಸಾಕೆಟ್ಟಿನಲ್ಲಿದೆ. ಕಂಪ್ಯೂಟರ್ ಆನ್ ಮಾಡುವಾಗ ಕಪ್ಪು ಪರದೆಯ ಮೇಲೆ ಚಾರ್ಜರ್ ಬಗ್ಗೆ ಏನಾದರೂ ಎಚ್ಚರಿಕೆ ಬಂದು ಹೋಗುತ್ತಿದೆಯೇ ಎಂದೂ ಗಮನಿಸಿ. ಅವಸರದಲ್ಲಿ ಎಂಟರ್ ಒತ್ತಿ ಅದನ್ನು ದಾಟಿಬಿಡುವವರೇ ಹೆಚ್ಚು.

ವೇಗ ಏರದಿದ್ದರೆ ಕಂಪ್ಯೂಟರ್ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯುವಂತಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಬರಿದಾಗಿ, ತಪ್ಪು ಸ್ಥಿತಿಯಲ್ಲಿ ಸಿಲುಕಿದ್ದ, ವಿದ್ಯುತ್ ವ್ಯವಸ್ಥೆಯನ್ನು ನೋಡಿಕೊಳ್ಳುವ ನಿಯಂತ್ರಕ ಚಿಪ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೆಲವೊಮ್ಮೆ ಇಷ್ಟೇ ಸಾಕಾಗುತ್ತದೆ.

ದೂಳಿನ ಅನುಮಾನವನ್ನು ಬಗೆಹರಿಸುವುದು ಸುಲಭ. ದೂಳು ಕಾರಣವಾದರೆ ಕಂಪ್ಯೂಟರ್ ಮೊದಲ ಕೆಲವು ನಿಮಿಷ ಚೆನ್ನಾಗಿ ಓಡಿ, ತಾಪ 95ರ ಮೇಲೆ ಹೋದಂತೆ ಸೋಲುತ್ತದೆ. ಆನ್ ಆದ ಕ್ಷಣದಿಂದಲೇ 0.39 ಇದ್ದು, ತಾಪ 45 ಡಿಗ್ರಿ ಆಸುಪಾಸು ಇದ್ದರೆ ಫ್ಯಾನ್ ಬಿಚ್ಚಬೇಡಿ. ತಾಪವನ್ನೂ ಆಜ್ಞೆಯ ಮೂಲವನ್ನೂ ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ವೇಗಕ್ಕೆ ಮಿತಿ ಬಿದ್ದ ಕಾರಣಗಳನ್ನು ತೋರಿಸುವ ಕಿಟಕಿಯೇ ಅದರಲ್ಲಿದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 37ನೇ ಸಂಖ್ಯೆಯ ಎಚ್ಚರಿಕೆ ಸಾಲುಸಾಲಾಗಿ ಇದ್ದರೂ ಅದೇ ಅರ್ಥ: ಪ್ರೊಸೆಸರಿನ ವೇಗವನ್ನು ಫರ್ಮ್‌ವೇರ್ (ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ತಡೆದಿದೆ ಎಂದು ವಿಂಡೋಸ್ ತಾನೇ ಬರೆದಿಟ್ಟಿರುತ್ತದೆ.

ಥ್ರಾಟಲ್‌ಸ್ಟಾಪ್‌ನಲ್ಲಿ ಬಿ.ಡಿ. ಪ್ರೋಕ್‌ಹಾಟ್ ಎದುರಿನ ಟಿಕ್ ತೆಗೆದರೆ ಹೊರಗಿನ ಆಜ್ಞೆಯನ್ನು ಪ್ರೊಸೆಸರ್ ಕೇಳುವುದಿಲ್ಲ, ವೇಗ ತಕ್ಷಣ ಮರಳುತ್ತದೆ. ಇದನ್ನು ಎಷ್ಟೋ ಜನ ಪೂರ್ಣ ಪರಿಹಾರವೆಂದು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಪ್ರೊಸೆಸರ್ ತಾನು ಕಾದಾಗ ತನ್ನನ್ನು ಕಾಪಾಡಿಕೊಳ್ಳುವುದು ಮುಂದುವರಿಯುತ್ತದೆ, ನಿಜ. ಆದರೆ ಪಕ್ಕದ ವಿದ್ಯುತ್ ಸರ್ಕ್ಯೂಟ್ ನಿಜವಾಗಿ ಸುಡುತ್ತಿದ್ದರೆ ಅದರ ಕೂಗು ಯಾರಿಗೂ ಕೇಳಿಸದಂತಾಗುತ್ತದೆ. ಪರೀಕ್ಷೆಗಾಗಿ ತೆಗೆಯಿರಿ, ತುರ್ತು ಕೆಲಸ ಮುಗಿಸಿಕೊಳ್ಳಿ. ಮರುಪ್ರಾರಂಭಿಸಿದರೆ ಅದು ಮತ್ತೆ ಹಳೆಯ ಸ್ಥಿತಿಗೆ ಬರುತ್ತದೆ ಎಂಬುದೂ ತಿಳಿದಿರಲಿ. ಬ್ಯಾಟರಿ ಉಬ್ಬಿದ್ದು ಕೀಲಿಮಣೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಈ ಯಾವ ಪ್ರಯೋಗವನ್ನೂ ಮಾಡಬೇಡಿ. ಕಂಪ್ಯೂಟರ್ ಆರಿಸಿ, ತಿಳಿದವರಿಂದ ಆ ಬ್ಯಾಟರಿಯನ್ನು ತೆಗೆಸಿ.

ವಿಂಡೋಸ್‌ನ ಪವರ್ ಸೆಟ್ಟಿಂಗ್ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿ ಶೇಕಡಾ 100 ಇರಬೇಕು. 99 ಇದ್ದರೆ ಟರ್ಬೊ ನಿಂತು 1.6ರ ಆಸುಪಾಸಿನಲ್ಲೇ ಉಳಿಯುತ್ತದೆ, 0.39ಕ್ಕೆ ಇಳಿಯುವುದಿಲ್ಲ. ಹಾಗೆಯೇ, ಎಲ್ಲ ಸರಿಹೋದ ಮೇಲೆ ಸದಾ 3.4 ಕಾಣಿಸಬೇಕೆಂದು ನಿರೀಕ್ಷಿಸಬೇಡಿ. 15 ವ್ಯಾಟ್‌ನ ಪ್ರೊಸೆಸರ್ ಅದು. ಸ್ವಲ್ಪ ಹೊತ್ತು ಮೇಲೇರಿ, ದೀರ್ಘ ಕೆಲಸದಲ್ಲಿ ಆ ಮಿತಿಯೊಳಗೆ ಇಳಿದು ನಿಲ್ಲುವುದೇ ಅದರ ವಿನ್ಯಾಸ.

ಇಂಥದ್ದು ಲ್ಯಾಪ್‌ಟಾಪ್‌ಗಳಿಗೇ ಸೀಮಿತವಲ್ಲ. ಬಹಳ ಹಿಂದೆ ನನ್ನ ಬಳಿ ಅಥ್ಲಾನ್ ಎಕ್ಸ್‌ಪಿ 2500+ ಪ್ರೊಸೆಸರ್ ಇದ್ದ ಡೆಸ್ಕ್‌ಟಾಪ್ ಇತ್ತು. 1833 ಮೆಗಾಹರ್ಟ್ಸ್ ಇರಬೇಕಾದದ್ದು ಒಂದು ದಿನ 1100 ಎಂದು ತೋರಿಸಿತು. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದು ಬಯೋಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ, ತನ್ನ ನೆನಪು ಕಳೆದುಕೊಂಡಿತ್ತು. 166 ಮೆಗಾಹರ್ಟ್ಸ್ ಬಸ್ ವೇಗದ (ಅದರ ಮೂಲ ಗಡಿಯಾರದ) ಬದಲು ಸುರಕ್ಷಿತವೆಂದು 100 ಆರಿಸಿಕೊಂಡಿತ್ತು. ಗುಣಕ 11, ಲೆಕ್ಕ ನೀವೇ ಮಾಡಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡ ಒಂದು ಪುಟ್ಟ ಬ್ಯಾಟರಿ, ಬಯೋಸ್‌ನಲ್ಲಿ ಒಂದು ತಿದ್ದುಪಡಿ, ಅಷ್ಟಕ್ಕೇ ಅದು ಸರಿಹೋಯಿತು.

ಚಾರ್ಜರ್ ಹಾಕಿದಾಗ ಎಷ್ಟು, ಕಿತ್ತಾಗ ಎಷ್ಟು, ಆಗ ತಾಪ ಎಷ್ಟು, ಈ ಮೂರು ಅಂಕಿಗಳನ್ನು ಇಲ್ಲಿ ಬರೆಯಿರಿ. ಚಾರ್ಜರಿನ ತುದಿಯ ಫೋಟೊ ಹಾಕಿದರೆ ಇನ್ನೂ ಒಳ್ಳೆಯದು. ನೋಡಿ ಮುಂದಿನ ಹೆಜ್ಜೆ ತಿಳಿಸುತ್ತೇನೆ.